ಕಂಪ್ಯೂಟರಿಗೂ ಚಳಿ ಹಿಡಿಸುತ್ತಾರೆ!



ಐಸ್‌ಕ್ಯಾಂಡಿ ತಿಂದರೆ ನಮ್ಮ ಬಾಯಿ ತಣ್ಣಗಾಗುತ್ತದೆ. ಆದರೆ ಐಸಿಗಿಂತ ಎಷ್ಟೋ ಪಾಲು ತಣ್ಣಗೆ ಮಾಡಿದರೆ ಕಂಪ್ಯೂಟರಿನ ವೇಗ ಹೆಚ್ಚಿಸಬಹುದು ಅಂತ ನಿಮಗೆ ಗೊತ್ತೇ? ನಮ್ಮ ಚಿಕ್ಕಪ್ಪ ಕಂಪ್ಯೂಟರ್ ರಿಪೇರಿ ಕೆಲಸ ಮಾಡುತ್ತಾರೆ. ಅವರು ಹೇಳಿದ್ದನ್ನು ನಾನು ತರಗತಿಯಲ್ಲಿ ಹೇಳಿದಾಗಿನಿಂದ ಕೆಲವರು "ನಮ್ಮ ಶಾಲೆ ಕಂಪ್ಯೂಟರಿಗೂ ಐಸ್ ಇಡೋಣ ಕಣೋ" ಎನ್ನುತ್ತಿದ್ದಾರೆ. ನಮ್ಮಲ್ಲಿ ನಡೆಯುತ್ತಿರುವುದು ಒಂದೇ ಕಂಪ್ಯೂಟರು. ಅದಕ್ಕೇ ಈ ವಿಷಯವನ್ನು ಪೂರ್ತಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆವರೆಗೂ ಓದಿ.

ಕಂಪ್ಯೂಟರಿನ ಮೆದುಳಿಗೆ ಪ್ರೊಸೆಸರ್ ಎನ್ನುತ್ತಾರೆ. ಡ್ರಿಲ್ ಪಿರಿಯಡ್ಡಿನಲ್ಲಿ ಪಿ.ಟಿ. ಮೇಷ್ಟ್ರು "ಒಂದ್, ಎರಡ್" ಅಂದ ಹಾಗೆಲ್ಲ ನಾವು ಕೈ ಎತ್ತುತ್ತೇವಲ್ಲ, ಹಾಗೆ ಪ್ರೊಸೆಸರ್ ಕೂಡ ಒಂದು ತಾಳಕ್ಕೆ ಕೆಲಸ ಮಾಡುತ್ತದೆ. ಸೆಕೆಂಡಿಗೆ 100 ಕೋಟಿ ತಾಳ ಬಿದ್ದರೆ ಅದು 1 ಗಿಗಾಹರ್ಟ್ಸ್. ಕಂಪನಿಯವರು ಇಷ್ಟೇ ವೇಗದಲ್ಲಿ ನಡೆಸಿ ಎಂದು ಗೊತ್ತುಮಾಡಿ ಕಳಿಸುತ್ತಾರೆ. ಆ ತಾಳವನ್ನು ಅದಕ್ಕಿಂತ ಜೋರು ಮಾಡುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಮೇಷ್ಟ್ರು ತಾಳ ಜೋರು ಮಾಡಿದರೆ ನಮಗೆ ಏನಾಗುತ್ತದೆ? ಬೆವರು ಕಿತ್ತುಕೊಂಡು ಬರುತ್ತದೆ, ಕೆಲವರು ತಪ್ಪು ಕೈ ಎತ್ತುತ್ತಾರೆ. ಪ್ರೊಸೆಸರಿಗೂ ಹಾಗೇ. ಜೋರಾಗಿ ಓಡಲು ಅದಕ್ಕೆ ಹೆಚ್ಚು ವೋಲ್ಟೇಜ್ ಕೊಡಬೇಕು. ಹೆಚ್ಚು ವೋಲ್ಟೇಜ್ ಕೊಟ್ಟರೆ ಬಿಸಿ ಏರುತ್ತದೆ. ವೇಗ ಅಷ್ಟೇ ಇಟ್ಟು ವೋಲ್ಟೇಜನ್ನು ಎರಡರಷ್ಟು ಮಾಡಿದರೂ ಬಿಸಿ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟಾಗುತ್ತದೆ! ಬಿಸಿ ಸುಮಾರು 100 ಡಿಗ್ರಿ ಮುಟ್ಟಿದರೆ ಈಗಿನ ಎಷ್ಟೋ ಪ್ರೊಸೆಸರುಗಳು ತಾವೇ ನಿಧಾನ ಮಾಡಿಕೊಳ್ಳುತ್ತವೆ. ಇಲ್ಲವೇ ಆಫ್ ಆಗುತ್ತವೆ.

ಈ ಬಿಸಿ ತೆಗೆಯಲು ಸಾಮಾನ್ಯವಾಗಿ ಒಂದು ಫ್ಯಾನ್ ಸಾಕು. ಆದರೆ ದಾಖಲೆ ಮಾಡುವವರಿಗೆ ಸಾಲದು. ಅವರು ದ್ರವ ಸಾರಜನಕ ಬಳಸುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ 78 ಭಾಗ ಸಾರಜನಕವೇ ಇದೆ ಎಂದು ವಿಜ್ಞಾನ ಪಾಠದಲ್ಲಿ ಓದಿದ್ದೇವೆ. ಅದನ್ನು ವಿಪರೀತ ತಣ್ಣಗೆ ಮಾಡಿದರೆ ನೀರಿನಂತೆ ದ್ರವವಾಗುತ್ತದೆ. ಅದು ಕುದಿಯುವುದು ಎಷ್ಟರಲ್ಲಿ ಗೊತ್ತಾ? ಸೊನ್ನೆಗಿಂತ 196 ಡಿಗ್ರಿ ಕೆಳಗೆ!

ಇದು ಎಲ್ಲೋ ಅಮೆರಿಕದಲ್ಲಿ ಮಾತ್ರ ಇರುವ ವಸ್ತು ಅಂದುಕೊಳ್ಳಬೇಡಿ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಲು ದನದ ಡಾಕ್ಟರು ಕ್ಯಾನ್ ತರುತ್ತಾರಲ್ಲ, ಮುಚ್ಚಳ ತೆಗೆದರೆ ಬಿಳಿ ಹೊಗೆ ಬರುತ್ತದಲ್ಲ, ಅದರೊಳಗೆ ಇರುವುದೂ ಇದೇ. ಹೋರಿಯ ವೀರ್ಯದ ಕಡ್ಡಿಗಳು ಕೆಡದೆ ಇರಲಿ ಎಂದು ಅದರಲ್ಲಿ ಮುಳುಗಿಸಿ ಇಟ್ಟಿರುತ್ತಾರೆ.

ಈಗ ಮಾಡುವ ವಿಧಾನ ನೋಡೋಣ. ಪ್ರೊಸೆಸರಿನ ಮೇಲೆ ತಾಮ್ರದ ದಪ್ಪ ಲೋಟದಂಥ ಪಾತ್ರೆ ಕೂರಿಸುತ್ತಾರೆ. ಫ್ಲಾಸ್ಕಿನಿಂದ ಸಾರಜನಕವನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾರೆ. ಅದು ಕೊತಕೊತ ಕುದಿದು ಆವಿಯಾಗುತ್ತಾ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಗಡಿಗೆಯಿಂದ ಜಿನುಗಿದ ನೀರು ಆವಿಯಾಗಿ ಒಳಗಿನ ನೀರು ತಣ್ಣಗಾಗುವುದೂ ಹೀಗೇ ತಾನೇ! ತಂಪಿನಲ್ಲಿ ಚಿಪ್ಪಿನೊಳಗೆ ವಿದ್ಯುತ್ ಸೋರುವುದು ಕಡಿಮೆಯಾಗುತ್ತದೆ, ಲೋಹದ ತಂತಿಗಳ ತಡೆಯೂ ಇಳಿಯುತ್ತದೆ. ಅದಕ್ಕೇ ತಾಳ ಜೋರು ಮಾಡಿದರೂ ತಡೆದುಕೊಳ್ಳುತ್ತದೆ.

ಒಂದು ತಮಾಷೆ ಕೇಳಿ. ಕೆಲವು ಪ್ರೊಸೆಸರುಗಳು ಅತಿಯಾಗಿ ತಣ್ಣಗಾದರೆ ಮರಗಟ್ಟಿದ ಹಾಗೆ ನಿಂತೇ ಹೋಗುತ್ತವೆ. ಆಗ ಅವರೇ ಗ್ಯಾಸಿನ ಬೆಂಕಿ ಹಿಡಿದು ಪಾತ್ರೆಯನ್ನು ಬಿಸಿ ಮಾಡುತ್ತಾರೆ!

2011ರಲ್ಲಿ ಅಮೆರಿಕದಲ್ಲಿ ಎಎಂಡಿ ಕಂಪನಿಯ ಎಫ್‌ಎಕ್ಸ್ 8150 ಎಂಬ ಪ್ರೊಸೆಸರನ್ನು 8.429 ಗಿಗಾಹರ್ಟ್ಸ್ ಮುಟ್ಟಿಸಿ ಗಿನ್ನೆಸ್ ದಾಖಲೆ ಮಾಡಿದರು. ಅದರ ಮಾಮೂಲಿ ವೇಗ 3.6. 2023ರಲ್ಲಿ ಇಂಟೆಲ್ ಕಂಪನಿಯ ಕೋರ್ ಐ9 14900ಕೆಎಫ್ 9.04 ಗಿಗಾಹರ್ಟ್ಸ್ ಮುಟ್ಟಿತು. ಕಂಪನಿ ಹೇಳಿದ ಗರಿಷ್ಠ ವೇಗ 6 ಮಾತ್ರ. ಈ ಎರಡಕ್ಕೂ ಸಾರಜನಕಕ್ಕಿಂತ ತಣ್ಣನೆಯ ದ್ರವ ಹೀಲಿಯಂ ಬಳಸಿದ್ದರು. ಅದು ಕುದಿಯುವುದು ಸೊನ್ನೆಗಿಂತ 269 ಡಿಗ್ರಿ ಕೆಳಗೆ. ಆದರೆ ಇಂಥ ವೇಗ ನಿಲ್ಲುವುದು ಸ್ವಲ್ಪವೇ ಹೊತ್ತು. ದ್ರವ ಮುಗಿದರೆ ಆಟವೂ ಮುಗಿಯಿತು. ಇದು ಓಟದ ಪಂದ್ಯವಿದ್ದಂತೆ, ದಿನಾ ಶಾಲೆಗೆ ನಡೆದು ಬಂದಂತಲ್ಲ.

ಹಾಗಾದರೆ ನಮ್ಮ ಕಂಪ್ಯೂಟರಿಗೆ ಐಸ್ ಇಟ್ಟರೆ? ತಣ್ಣನೆಯ ಸೋಡಾ ಬಾಟಲಿಯ ಹೊರಗೆ ನೀರಿನ ಹನಿ ಕೂರುವುದನ್ನು ನೋಡಿದ್ದೀರಲ್ಲ, ಹಾಗೆ ಬೋರ್ಡಿನ ಮೇಲೂ ಕೂರುತ್ತದೆ. ಶಾರ್ಟ್ ಆಗಿ ಇರುವ ಒಂದೂ ಹೋಗುತ್ತದೆ. ದಾಖಲೆ ಮಾಡುವವರು ಇದಕ್ಕೆಂದೇ ಬೋರ್ಡಿಗೆ ವ್ಯಾಸಲೀನ್ ಬಳಿದು, ಸುತ್ತ ಪೇಪರ್ ಟವಲ್ ತುರುಕಿರುತ್ತಾರೆ. ಇಷ್ಟೆಲ್ಲ ಮಾಡಿದರೂ ಅವರ ಬೋರ್ಡುಗಳೂ ಒಮ್ಮೊಮ್ಮೆ ಕೆಡುತ್ತವೆ.

ಇನ್ನೊಂದು ಮುಖ್ಯ ಮಾತು. ಡಾಕ್ಟರ ಕ್ಯಾನನ್ನು ಯಾರೂ ಮುಟ್ಟಬಾರದು. ಅದರ ದ್ರವ ಕೈಗೆ ತಾಗಿದರೆ ಬೆಂಕಿ ಸುಟ್ಟ ಹಾಗೆ ಗಾಯವಾಗುತ್ತದೆ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಸಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಚೆಲ್ಲಿದರೆ ಆಮ್ಲಜನಕವನ್ನು ಹೊರಗೆ ತಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟುವುದು ಗೊತ್ತೇ ಆಗುವುದಿಲ್ಲ. ಪ್ರಾಣವೇ ಹೋಗಬಹುದು.

ನಮ್ಮ ಕಂಪ್ಯೂಟರ್ ಚೆನ್ನಾಗಿ ಓಡಬೇಕಾದರೆ ಅದರ ಬೆನ್ನನ್ನು ಗೋಡೆಗೆ ಒತ್ತಿಸದೆ ಗಾಳಿ ಆಡಲು ಒಂದು ಗೇಣು ಜಾಗ ಬಿಡೋಣ. ಕರೆಂಟು ತೆಗೆದು, ಮೇಷ್ಟ್ರ ಎದುರಿಗೇ ಫ್ಯಾನಿನ ಧೂಳು ಒರೆಸೋಣ. ಶನಿವಾರ ಸ್ವಚ್ಛತೆ ದಿನ ನಾನು ಬ್ರಷ್ ತರುತ್ತೇನೆ. ನೀವೂ ಬನ್ನಿ.

— ಏಳನೇ ತರಗತಿ ವಿದ್ಯಾರ್ಥಿ