ಅನ್ಯರ ಗುಟ್ಟು ಮತ್ತು ನಮ್ಮ ಕೈಯ ಮೊಬೈಲು

ಮೊಬೈಲು ಬರುವುದಕ್ಕೆ ಮುಂಚೆ, ಊರು ಬಿಟ್ಟು ದುಡಿಯಲು ಬಂದವರಿಗೆ ಮನೆಯ ಸುದ್ದಿ ಕಾಗದದಲ್ಲಿ ಬರುತ್ತಿತ್ತು. ಓದು ಬಾರದವರು ಅದನ್ನು ಅಕ್ಷರ ಬಲ್ಲ ಜೊತೆಗಾರನ ಕೈಗಿತ್ತು, “ಸ್ವಲ್ಪ ಓದಿ ಹೇಳಪ್ಪಾ” ಎನ್ನುತ್ತಿದ್ದರು. ಹೆಂಡತಿಯ ಕಾಯಿಲೆ, ಮಗಳ ಮದುವೆಯ ಸಾಲ, ಅಣ್ಣತಮ್ಮಂದಿರ ವ್ಯಾಜ್ಯ, ಎಲ್ಲವೂ ಆ ಓದುವವನಿಗೆ ತಿಳಿಯುತ್ತಿತ್ತು. ಯೋಗ್ಯನಾದವನು ಅದನ್ನು ಹೊರಗೆ ಆಡುತ್ತಿರಲಿಲ್ಲ. ಕಾಗದವನ್ನು ತೋರಿಸಿದ್ದು ತನಗೆ, ಓಣಿಗೆಲ್ಲ ಅಲ್ಲ ಎಂಬ ವಿವೇಕ ಅವನಲ್ಲಿತ್ತು. ಆಡಿಬಿಟ್ಟವನ ಕೈಗೆ ಮತ್ತೆ ಯಾರೂ ಕಾಗದ ಕೊಡುತ್ತಿರಲಿಲ್ಲ.

ಇಂದು ಅಂಥ ಗುಟ್ಟು ನಾವು ಕೇಳದೆಯೇ ನಮ್ಮ ಕೈಗೆ ಬಂದು ಬೀಳುತ್ತದೆ. ಪಾಳಿ ಮುಗಿಸಿ ಖೋಲಿಗೆ ಬಂದು ಮೊಬೈಲು ತೆರೆದರೆ, ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಯಾವಳೋ ಹೆಣ್ಣುಮಗಳ ಖಾಸಗಿ ವಿಡಿಯೋ ಬಂದಿರುತ್ತದೆ. ಕಳಿಸಿದವನು ಪರಿಚಿತನೇ. “ನಾನೇನು ತೆಗೆದವನಲ್ಲ, ಬಂದದ್ದನ್ನು ಮುಂದಕ್ಕೆ ಕಳಿಸಿದೆ, ಅಷ್ಟೆ” ಎಂಬುದು ಅವನ ಸಮಾಧಾನ. ಈ “ಅಷ್ಟೆ” ಎಂಬ ಮಾತು ಎಷ್ಟು ದೊಡ್ಡ ಅನ್ಯಾಯವನ್ನು ಮುಚ್ಚಿಡುತ್ತದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ದೂರದ ಉದಾಹರಣೆ ಬೇಕಿಲ್ಲ. 2024ರ ಏಪ್ರಿಲ್ 26ರಂದು ಹಾಸನದಲ್ಲಿ ಲೋಕಸಭೆಯ ಮತದಾನವಿತ್ತು. ಅದಕ್ಕೆ ಕೆಲವೇ ದಿನ ಮುಂಚೆ ಆ ಜಿಲ್ಲೆಯಲ್ಲಿ ಪೆನ್ ಡ್ರೈವ್‌ಗಳು ಹರಿದಾಡಿದವು. ಅವುಗಳಲ್ಲಿದ್ದ ವಿಡಿಯೋಗಳು ಬೇಗನೆ ಮೊಬೈಲಿನಿಂದ ಮೊಬೈಲಿಗೆ ದಾಟಿದವು. ಸರ್ಕಾರ ವಿಶೇಷ ತನಿಖಾ ತಂಡವನ್ನು ನೇಮಿಸಿತು. ಆಗ ಅಲ್ಲಿಯ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರನ್ನು, ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 1ರಂದು ಅಪರಾಧಿಯೆಂದು ತೀರ್ಮಾನಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ಮೇಲೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಿದೆ.

ಆ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು. ನಾವು ನೋಡಬೇಕಾದದ್ದು ಅದರ ಇನ್ನೊಂದು ಮುಖ. ಆ ವಿಡಿಯೋಗಳಲ್ಲಿ ಹೆಂಗಸರ ಮುಖವನ್ನು ಮರೆಮಾಡಿರಲಿಲ್ಲ. ನೋಡಿದವರು ಗುರುತು ಹಿಡಿದರು. ನೆರೆಹೊರೆಯವರ ಕಣ್ಣು ತಪ್ಪಿಸಲು ಮನೆ ಬಿಟ್ಟು ಹೋದವರಿದ್ದರೆಂದು ಆಗ ಪತ್ರಿಕೆಗಳು ಬರೆದವು. ಅವರ ಮೇಲಾದ ದೌರ್ಜನ್ಯ ಒಂದು. ಅದನ್ನು ಊರೆಲ್ಲ ನೋಡಿದ್ದು ಎರಡನೆಯದು. ಎರಡನೆಯದನ್ನು ಮಾಡಿದವರು ಅಧಿಕಾರಸ್ಥರಲ್ಲ, ನಮ್ಮ ನಿಮ್ಮಂಥ ಸಾಮಾನ್ಯರು. ಕೆಲವರು ಚುನಾವಣೆಯ ಹುರುಪಿನಿಂದ, ಕೆಲವರು ಕುತೂಹಲದಿಂದ, ಕೆಲವರು “ಅನ್ಯಾಯ ಬಯಲಿಗೆ ಬರಲಿ” ಎಂಬ ನೆಪದಿಂದ ಕಳಿಸಿದರು. ಅನ್ಯಾಯವನ್ನು ಬಯಲಿಗೆ ತರಲು ಪೊಲೀಸರ ಬಳಿಗೆ ಹೋಗಬೇಕಿತ್ತು. ನೊಂದವರ ಮುಖವನ್ನು ಬೀದಿಗೆ ತರಬೇಕಿರಲಿಲ್ಲ. ಉರಿಯುವ ಮನೆಯಲ್ಲಿ ಗಳ ಹಿರಿಯುವುದೆಂದರೆ ಇದೇ.

ಇಂಥ ವಿಡಿಯೋ ಬಂದಾಗ ಅನೇಕರು ಕೇಳುವ ಪ್ರಶ್ನೆಯೊಂದಿದೆ: “ಅವಳೇ ಒಪ್ಪಿ ತೆಗೆಸಿಕೊಂಡಿದ್ದರೆ?” ಇದಕ್ಕೆ ಕಾನೂನು ಸ್ಪಷ್ಟವಾಗಿ ಉತ್ತರ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮು, ಚಿತ್ರ ತೆಗೆಯಲು ಒಪ್ಪಿದ ಹೆಣ್ಣು ಅದನ್ನು ಇತರರಿಗೆ ಹಂಚಲು ಒಪ್ಪದಿದ್ದರೆ, ಹಂಚುವುದು ಅಪರಾಧವೇ ಎನ್ನುತ್ತದೆ. ಮೊದಲ ಸಲದ ಅಪರಾಧಕ್ಕೆ 1ರಿಂದ 3 ವರ್ಷ ಸೆರೆವಾಸ. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಎ ಕಲಮಿನ ಪ್ರಕಾರ, ಲೈಂಗಿಕ ಕ್ರಿಯೆ ತೋರಿಸುವ ವಿಡಿಯೋ ಕಳಿಸಿದವನಿಗೆ ಮೊದಲ ಸಲವೇ 5 ವರ್ಷದವರೆಗೆ ಸೆರೆವಾಸ, 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಇಲ್ಲಿ ತೆಗೆದವನು, ಕಳಿಸಿದವನು ಎಂಬ ಭೇದವಿಲ್ಲ. ಚಿತ್ರದಲ್ಲಿರುವವರು 18 ವರ್ಷ ತುಂಬದವರಾದರೆ ಅದನ್ನು ಹುಡುಕುವುದೂ ಇಳಿಸಿಕೊಳ್ಳುವುದೂ ಸಹ ಅಪರಾಧ.

ಒಬ್ಬರ ಬಾಳಿನ ಒಳಮನೆ ಅವರದೇ ಎಂಬ ಈ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಮೂಲಭೂತ ಹಕ್ಕೆಂದು ಸಾರಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಕನ್ನಡಿಗರೊಬ್ಬರು ಹೋರಾಡಿ ಗೆದ್ದುಕೊಟ್ಟ ಹಕ್ಕಿದು. ಅದನ್ನು ಕನ್ನಡದ ಗ್ರೂಪುಗಳಲ್ಲೇ ತುಳಿದರೆ ಹೇಗೆ?

ಹಾನಿಯ ಬಗೆಯನ್ನೂ ತಿಳಿಯಬೇಕು. ಚಾಡಿಮಾತು ನಾಲ್ಕು ದಿನಕ್ಕೆ ಹಳಸುತ್ತದೆ. ವಿಡಿಯೋ ಹಳಸುವುದಿಲ್ಲ, ಒಬ್ಬನು ಅಳಿಸಿದರೂ ಇನ್ನೊಬ್ಬನಲ್ಲಿ ಉಳಿದಿರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು ಹಿರಿಯರು. ಇದು ಎರಡಕ್ಕಿಂತಲೂ ಕಠಿಣ. ನೊಂದವಳು ಕೆಲಸಕ್ಕೆ ಹೋದಲ್ಲಿ, ಬಸ್ಸು ಹತ್ತಿದಲ್ಲಿ, ಎದುರಿಗಿರುವವರು ನೋಡಿದ್ದಾರೋ ಎಂದು ಅಂಜುತ್ತಾಳೆ. ಓದು ನಿಲ್ಲುತ್ತದೆ, ಕೆಲಸ ಬಿಡುತ್ತದೆ, ಕೆಲವರು ಜೀವವನ್ನೇ ಬೇಡವೆನ್ನುತ್ತಾರೆ. ವಿಚಿತ್ರವೆಂದರೆ, ಜನ ಮಾತ್ರ ತಪ್ಪು ಮಾಡಿದವನನ್ನು ಬಿಟ್ಟು ಅವಳನ್ನೇ ದೂರುತ್ತಾರೆ. ಈಗಂತೂ ಒಬ್ಬರ ಮುಖವನ್ನು ಮತ್ತೊಬ್ಬರ ಮೈಗೆ ಜೋಡಿಸಿ ಸುಳ್ಳು ವಿಡಿಯೋ ಮಾಡುವುದೂ ಸುಲಭವಾಗಿದೆ.

ಗಂಡಸರೂ ಇದರಿಂದ ಪಾರಾಗಿಲ್ಲ. ಗುರುತಿಲ್ಲದ ಹೆಣ್ಣಿನ ಹೆಸರಿನಲ್ಲಿ ವಿಡಿಯೋ ಕರೆ ಬರುತ್ತದೆ. ಎತ್ತಿದ ಕ್ಷಣದಲ್ಲಿ ಚಿತ್ರ ಹಿಡಿದು, “ನಿನ್ನ ಮನೆಯವರಿಗೆ ಕಳಿಸುತ್ತೇನೆ, ಹಣ ಹಾಕು” ಎಂದು ಬೆದರಿಸುತ್ತಾರೆ. ಒಂಟಿಯಾಗಿ ಖೋಲಿಯಲ್ಲಿರುವ ದುಡಿಮೆಗಾರರು ಅಂಜಿ ಸಂಬಳವನ್ನೆಲ್ಲ ತೆರುವುದುಂಟು. ಒಂದು ಸಲ ಕೊಟ್ಟರೆ ಮತ್ತೆ ಕೇಳುತ್ತಾರೆ. ಕೊಡಬೇಡಿ, ಹಣ ಹೋಗಿದ್ದರೆ ಕೂಡಲೇ 1930 ಸಂಖ್ಯೆಗೆ ಫೋನು ಮಾಡಿ.

ಇಂಥ ಪ್ರಸಂಗ ಬಂದಾಗ ಮಾಡತಕ್ಕದ್ದು ಇಷ್ಟು. ಕಳಿಸಿದವರ ಸಂಖ್ಯೆ, ದಿನ, ಸಮಯ, ಬಂದ ಸಂದೇಶಗಳ ಚಿತ್ರ, ಇವನ್ನು ಜೋಪಾನವಾಗಿಡಿ. “ಸಾಕ್ಷಿ” ಎಂದು ವಿಡಿಯೋವನ್ನು ಗೆಳೆಯರಿಗೆ ಕಳಿಸಬೇಡಿ. ಘಟನೆ ಕಲಬುರಗಿಯಲ್ಲೋ ಬೀದರಿನಲ್ಲೋ ನಡೆದಿದ್ದರೂ ನಾಚಾರಂ ಠಾಣೆಯಲ್ಲಿಯೇ ದೂರು ಕೊಡಬಹುದು. ಅದನ್ನು ಜೀರೋ ಎಫ್‌ಐಆರ್ ಎಂದು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಕೂಲಿ ಕಳೆದುಕೊಂಡು ಊರಿಗೆ ಓಡಬೇಕಾಗಿಲ್ಲ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ, ಹೆಂಗಸರು ಮತ್ತು ಮಕ್ಕಳ ಮೇಲಿನ ಇಂಥ ಅಪರಾಧದ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆಯೂ ಉಂಟು. ಅದು ನಿಮ್ಮ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ. ನಿಮ್ಮ ಮೊಬೈಲಿನಲ್ಲೇ ಅದರ ಒಂದು ಗುರುತುಸಂಖ್ಯೆ ಮಾಡಿ, ಆ ಸಂಖ್ಯೆಯನ್ನು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದವಕ್ಕೆ ಕೊಟ್ಟು ಚಿತ್ರವನ್ನು ತಡೆಯಲು ನೆರವಾಗುತ್ತದೆ.

ಇನ್ನು ನಮ್ಮ ಕೈಗೆ ಬಂದಾಗ? ತೆರೆಯದೆ ಅಳಿಸಿರಿ. ಗ್ರೂಪಿನಲ್ಲಿ ಒಂದು ಮಾತು ಬರೆಯಿರಿ: “ಇದನ್ನು ತೆಗೆಯಪ್ಪಾ, ಇದು ನಮಗೆ ತಕ್ಕದ್ದಲ್ಲ.” ಒಬ್ಬನು ಧೈರ್ಯವಾಗಿ ಅಂದರೆ ಸುಮ್ಮನಿದ್ದವರಿಗೂ ಬಾಯಿ ಬರುತ್ತದೆ. ನೊಂದವಳು ನಮ್ಮವಳೇ ಆಗಿದ್ದರೆ, “ಯಾಕೆ ತೆಗೆಸಿಕೊಂಡೆ?” ಎಂದು ಗದರಿಸುವುದಕ್ಕೆ ಮೊದಲು, “ಅಂಜಬೇಡವ್ವಾ, ನಾವಿದ್ದೇವೆ” ಎನ್ನಿರಿ.

ನಮ್ಮಲ್ಲಿ ಹೆಚ್ಚಿನವರ ತಾಯಿ, ಅಕ್ಕತಂಗಿ, ಹೆಂಡತಿ, ಮಕ್ಕಳು ದೂರದ ಊರಿನಲ್ಲಿದ್ದಾರೆ. ಅವರ ಮಾನವನ್ನು ಅಲ್ಲಿಯ ನೆರೆಯವರ ವಿವೇಕಕ್ಕೆ ಒಪ್ಪಿಸಿ ನಾವು ಇಲ್ಲಿ ದುಡಿಯುತ್ತಿದ್ದೇವೆ. ಹಾಗೆಯೇ ಇನ್ನೊಬ್ಬರ ಮನೆಯವರ ಮಾನ ನಮ್ಮ ವಿವೇಕದಲ್ಲಿದೆ. ಹಿಂದೆ ಕಾಗದ ಓದಿಕೊಟ್ಟು ಬಾಯಿ ಮುಚ್ಚಿಕೊಂಡ ಆ ಜೊತೆಗಾರನ ಯೋಗ್ಯತೆ ನಮಗೂ ಬರಲಿ.