ಧನುರ್ಮಾಸದ ಚಳಿಯೂ ನನ್ನ ಪಂಪೂ

ಧನುರ್ಮಾಸ ಬಂತೆಂದರೆ ಹಾಸನದ ಚಳಿಯಲ್ಲೂ ಬೆಳಗಿನ ಜಾವದ ಪೂಜೆಗೆ ನಾನು ತಪ್ಪಿಸಿಕೊಳ್ಳುವವಳಲ್ಲ. ಉಬ್ಬಸದವಳಿಗೆ ಇದೆಂಥ ಹುಚ್ಚು ಎನ್ನುವವರಿದ್ದಾರೆ. ಅವರಿಗೆಲ್ಲ ಚಳಿಯೇ ಶತ್ರು. ನನಗೆ ಚಳಿಗಿಂತ ಹಂಡೆ ಒಲೆಯ ಹೊಗೆಯ ಮೇಲೆ ಸಿಟ್ಟು ಜಾಸ್ತಿ.

ಚಳಿಗಾಳಿಯೇನು ಸಾಧುವಲ್ಲ. ಮೂಗಿನಲ್ಲಿ ಎಳೆದ ಉಸಿರು ಬೆಚ್ಚಗಾಗಿ, ತೇವ ಹಿಡಿದು ಒಳಗಿಳಿಯುತ್ತದೆ. ಬಾಯಿ ತೆರೆದು ಬಿರಬಿರನೆ ನಡೆದರೆ ತಣ್ಣನೆಯ ಒಣಗಾಳಿ ನೇರವಾಗಿ ಶ್ವಾಸನಾಳಕ್ಕೆ ತಾಗಿ, ಅದರ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಅದಕ್ಕೇ ನನ್ನ ಮಫ್ಲರ್ ಮೂಗು, ಬಾಯಿಗೆ. (ಕಿವಿಗೆ ಭದ್ರವಾಗಿ ಸುತ್ತಿ, ಬಾಯಲ್ಲಿ ಬೀಡಿ ಹಚ್ಚಿದ ಗಂಡಸರನ್ನು ದಾರಿಯಲ್ಲಿ ಕಾಣುತ್ತೇನೆ!) ಆ ಹೊತ್ತಿನಲ್ಲಿ ನೆಲದ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳದಂತೆ ಕೂತಿರುವುದರಿಂದ ಒಲೆಯ ಹೊಗೆ, ತರಗೆಲೆಯ ಹೊಗೆ ಬೀದಿಯಲ್ಲೇ ತಂಗಿರುತ್ತದೆ. ಮನೆಯೊಳಗೆ ಕಿಟಕಿ ಜಡಿದು ಸೊಳ್ಳೆಬತ್ತಿ. ಅಟ್ಟದಿಂದಿಳಿಸಿದ ರಜಾಯಿಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ. ಇವೆಲ್ಲಕ್ಕಿಂತ ನನ್ನನ್ನು ಮಲಗಿಸುವುದು ಮೊಮ್ಮಗ ಶಾಲೆಯಿಂದ ಹೊತ್ತು ತರುವ ನೆಗಡಿ.

ಪಂಪಿನ, ಅಂದರೆ ಇನ್‌ಹೇಲರಿನ, ವಿಷಯಕ್ಕೆ ಬಂದರೆ ನಾನು ಜಗಳಕ್ಕೂ ಸಿದ್ಧ. 'ಪಂಪು ಹಿಡಿದರೆ ಕೊನೇ ಹಂತ, ಆಮೇಲೆ ಬಿಡೋಕಾಗಲ್ಲ' ಎನ್ನುತ್ತ ಮಾತ್ರೆ ನುಂಗುವವರು ಲೆಕ್ಕ ಕೇಳಲಿ: ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ ಇದ್ದರೆ, ಪಂಪಿನ ಒಂದು ಪಫ್ 100 ಮೈಕ್ರೋಗ್ರಾಂ, ಅಂದರೆ ಅದರ 40ನೇ ಒಂದು ಪಾಲು. ಮಾತ್ರೆ ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತದೆ, ಕೈ ನಡುಗಿಸುತ್ತದೆ. ಪಂಪಿನದು ಬೇಕಾದಲ್ಲಿಗೇ ಹೋಗುತ್ತದೆ. ಆದರೆ ಅದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆಯೇ ಹೊರತು ನಾಳದ ಊತ ಇಳಿಸುವುದಿಲ್ಲ. ಊತಕ್ಕೆ ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಪಂಪು ಬೇಕು. ವೈದ್ಯರು ದಿನಾ ತೆಗೆದುಕೊಳ್ಳಿ ಎಂದಿದ್ದರೆ, ಉಸಿರು ಸಲೀಸಾಗಿದ್ದ ದಿನವೂ ಬಿಡುವಂತಿಲ್ಲ. ದೊಡ್ಡವರಿಗೆ ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡ ಚಿಕಿತ್ಸೆ ಬೇಡವೆಂದು 'ಗಿನಾ' ಎಂಬ ಜಾಗತಿಕ ಆಸ್ತಮಾ ತಜ್ಞರ ಕೂಟ 2019ರಲ್ಲೇ ಹೇಳಿದೆ.

ನಾನು ಪಂಪಿಗೆ ಸ್ಪೇಸರ್ ಕೊಳವೆ ಹಾಕಿಯೇ ಎಳೆಯುವುದು. ಇಲ್ಲವಾದರೆ ಮದ್ದಿನ ಬಹುಪಾಲು ಗಂಟಲಿಗೇ ಅಂಟುತ್ತದೆ. ನಿಧಾನವಾಗಿ ಎಳೆದು, 10 ಸೆಕೆಂಡ್ ಉಸಿರು ಹಿಡಿದು, ಸ್ಟೀರಾಯ್ಡ್ ಆದಮೇಲೆ ಬಾಯಿ ಮುಕ್ಕಳಿಸುತ್ತೇನೆ. ಪೂಜೆಗೆ ಹೊರಟಾಗ ಪಂಪು ಸ್ವೆಟರಿನ ಒಳಜೇಬಿನಲ್ಲಿ, ಡಬ್ಬಿ ತೀರಾ ತಣ್ಣಗಾದರೆ ಮದ್ದು ಸರಿಯಾಗಿ ಚಿಮ್ಮುವುದಿಲ್ಲ.

ಮಗನಿಗೆ ಒಂದು ಮಾತು ಹೇಳಿಟ್ಟಿದ್ದೇನೆ: ಪಂಪು ಎಳೆದರೂ ನಾನು ಒಂದು ವಾಕ್ಯ ಪೂರ್ತಿ ಆಡಲಾರದೆ ಹೋದರೆ, ತುಟಿ ನೀಲಿಗಟ್ಟಿದರೆ, ಕಷಾಯ ಕುದಿಸುತ್ತ ಕೂರಬೇಡ, 108ಕ್ಕೆ ಫೋನ್ ಮಾಡು.