ರ‍್ಯಾಂಕು ಮುಚ್ಚಿಡುವ ಅಂತರ

ಆನ್‌ಲೈನ್ ಅಂಗಡಿಯಲ್ಲಿ ಒಂದು ಸರಕು ಇನ್ನೊಂದಕ್ಕಿಂತ ಮೇಲಿನ ರ‍್ಯಾಂಕಿನಲ್ಲಿದ್ದರೆ ಅದು ಎಷ್ಟು ಹೆಚ್ಚು ಮಾರಾಟವಾಗಿದೆ ಎಂದು ತಿಳಿಯಬಹುದೇ? ಓದುಗರೊಬ್ಬರ ಪ್ರಶ್ನೆ ಇದು. ಸಿನಿಮಾ ನೋಡುವ ಎರಡು ಪೈಪೋಟಿ ಡಿಸ್ಕುಗಳಾದ ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ಕಾಳಗದಲ್ಲಿ ಇದಕ್ಕೆ ಒಳ್ಳೆಯ ಉತ್ತರವಿದೆ.

2006ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡೂ ಅಮೆರಿಕದ ಮಾರುಕಟ್ಟೆಗೆ ಬಂದವು. ಎರಡಕ್ಕೂ 405 ನ್ಯಾನೊಮೀಟರಿನ ನೀಲಿ-ನೇರಳೆ ಲೇಸರೇ. ತೋಷಿಬಾದ ಎಚ್‌ಡಿ ಡಿವಿಡಿ ಪದರಕ್ಕೆ 15 ಗಿಗಾಬೈಟ್ ಹಿಡಿದರೆ, ಸೋನಿ ಬಳಗದ ಬ್ಲೂ-ರೇ 25 ಹಿಡಿಯುತ್ತಿತ್ತು. ಒಂದರ ಡಿಸ್ಕು ಇನ್ನೊಂದರ ಪ್ಲೇಯರಿನಲ್ಲಿ ಓಡುತ್ತಿರಲಿಲ್ಲ. ಎಷ್ಟು ಪ್ರತಿ ಮಾರಿದೆವೆಂದು ಅಮೆಜಾನ್ ಹೇಳುತ್ತಿರಲಿಲ್ಲ, ಮಾರಾಟದ ರ‍್ಯಾಂಕು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಎರಡೂ ಕಡೆಯ ಅಭಿಮಾನಿಗಳು ಅದನ್ನೇ ಬರೆದಿಟ್ಟುಕೊಂಡು, ಸರಾಸರಿ ತೆಗೆದು ವಾದಕ್ಕಿಳಿದರು.

ಎಡವಟ್ಟಾದದ್ದು ಈ ಸರಾಸರಿಯಲ್ಲೇ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ರ‍್ಯಾಂಕಿಗೂ ಎರಡನೆಯದಕ್ಕೂ ನಡುವೆ ಇರುವುದು ಒಂದು ಅಂಕವೋ ಇಪ್ಪತ್ತೋ, ರ‍್ಯಾಂಕು ಪಟ್ಟಿಯಿಂದ ತಿಳಿಯದು. ಮಾರಾಟದಲ್ಲಿ ಈ ಅಂತರ ಇನ್ನೂ ವಿಪರೀತ. ಅರ್ಥಶಾಸ್ತ್ರಜ್ಞರಾದ ಜುಡಿತ್ ಶೆವಲಿಯರ್ ಮತ್ತು ಆಸ್ಟನ್ ಗೂಲ್ಸ್‌ಬಿ ಇದನ್ನು ಅಳೆಯಲು ತಾವೇ ಅಮೆಜಾನ್‌ನಲ್ಲಿ ಒಂದು ಪುಸ್ತಕದ ಕೆಲವು ಪ್ರತಿಗಳನ್ನು ಒಟ್ಟಿಗೆ ಕೊಂಡು, ರ‍್ಯಾಂಕು ಎಷ್ಟು ಏರಿತೆಂದು ನೋಡಿದರು. ಎಂಥ ಸರಳ, ಎಂಥ ಚೆಂದದ ಪ್ರಯೋಗ! ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ಲೆಕ್ಕದಂತೆ, ಪುಸ್ತಕದ ರ‍್ಯಾಂಕು ಹತ್ತು ಪಟ್ಟು ಕೆಳಗಿಳಿದರೆ ಮಾರಾಟ ಸುಮಾರು ಏಳನೇ ಒಂದು ಭಾಗಕ್ಕೆ ಕುಸಿಯುತ್ತದೆ.

ಈ ಲೆಕ್ಕವನ್ನೇ ಡಿಸ್ಕುಗಳಿಗೆ ಹಚ್ಚಿ ನೋಡೋಣ. ಒಂದು ಬಣದ ಎರಡು ಚಿತ್ರಗಳು 10 ಮತ್ತು 5000ನೇ ರ‍್ಯಾಂಕಿನಲ್ಲಿವೆ, ಸರಾಸರಿ 2505. ಇನ್ನೊಂದು ಬಣದ ಎರಡೂ ಚಿತ್ರಗಳು 500ರ ಆಸುಪಾಸಿನಲ್ಲಿವೆ, ಸರಾಸರಿ 500. ಸರಾಸರಿ ನೋಡಿದರೆ ಎರಡನೆಯದೇ ಮುಂದು. ಮಾರಾಟ ನೋಡಿದರೆ ಮೊದಲನೆಯದು ಸುಮಾರು ಹದಿನೈದು ಪಟ್ಟು ಹೆಚ್ಚು! ಆ 10ನೇ ರ‍್ಯಾಂಕಿನ ಚಿತ್ರವೊಂದೇ ಉಳಿದ ಮೂರನ್ನೂ ನುಂಗಿಹಾಕುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ನಂಬಲರ್ಹ ಹೋಲಿಕೆ ಒಂದೇ: ಒಂದೇ ಚಿತ್ರ, ಒಂದೇ ದಿನ, ಎರಡೂ ಡಿಸ್ಕುಗಳಲ್ಲಿ. ವಾರ್ನರ್ ಸಂಸ್ಥೆ ಎರಡೂ ಬಣಗಳಿಗೆ ಚಿತ್ರ ಕೊಡುತ್ತಿದ್ದುದರಿಂದ ಇದು ಸಾಧ್ಯವಾಯಿತು. 2007ರ ಜುಲೈಯಲ್ಲಿ ಅದರ ‘300’ ಚಿತ್ರ ಎರಡರಲ್ಲೂ ಬಂದಾಗ ಬ್ಲೂ-ರೇ ಸುಮಾರು ಎರಡು ಪಟ್ಟು ಮಾರಾಟವಾಯಿತು. ಸೋನಿಯ ಪ್ಲೇಸ್ಟೇಷನ್ 3 ಗೇಮ್ ಯಂತ್ರದಲ್ಲೇ ಬ್ಲೂ-ರೇ ಓಡುತ್ತಿದ್ದದ್ದು ಇದಕ್ಕೆ ದೊಡ್ಡ ಕಾರಣ.

2008ರ ಜನವರಿ 4ರಂದು ವಾರ್ನರ್ ಇನ್ನು ಬ್ಲೂ-ರೇ ಮಾತ್ರ ಎಂದು ಸಾರಿತು. ಫೆಬ್ರವರಿ 19ರಂದು ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು.